ಬ್ಯಾಡಗಿಯ ಅಜ್ಜಿ ಬಾವಿಯ ಕಪ್ಪೆಯಲ್ಲ

ನಿಮ್ಮ ಕತೆ ತಲುಪಿತು. ಓದಿಸಿಕೊಂಡು ಹೋಗುತ್ತದೆ, ಮಾತುಕತೆ ಚೆನ್ನಾಗಿದೆ, ಕಾಗುಣಿತದ ತಪ್ಪೂ ಕಡಿಮೆ. ಇಷ್ಟು ಹೇಳಿ ನನಗೆ ಸಿಟ್ಟು ಬಂದ ಜಾಗಕ್ಕೆ ಬರುತ್ತೇನೆ.

ಎರಡನೇ ಪುಟ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸುತ್ತಾ ಕೂತ ಅಜ್ಜಿಯನ್ನು ನೋಡುತ್ತಾನೆ. ನಿಮ್ಮ ಸಾಲು ಇದು: ‘ಹಾವೇರಿ ದಾಟಿ ಹೋಗದ ಕೂಪಮಂಡೂಕ ಅಜ್ಜಿಯ ಪ್ರಾದೇಶಿಕ ಮನೋಭಾವ ಅವನಿಗೆ ಅಸಹ್ಯ ತಂದಿತು.’

ನಿನ್ನೆ ಸಂಜೆಯೆಲ್ಲ ಈ ಒಂದು ಸಾಲು ಹಿಡಿದು ಕೂತಿದ್ದೆ.

‘ಪ್ರಾದೇಶಿಕ’ ಅನ್ನೋದು ಬೈಗುಳ ಯಾವಾಗ ಆಯಿತು? ಒಂದು ಪ್ರದೇಶಕ್ಕೆ ಸೇರಿದ್ದು ಅಂತಷ್ಟೇ ಅದರ ಅರ್ಥ. ಪ್ರಾದೇಶಿಕ ಭಾಷೆ, ಪ್ರಾದೇಶಿಕ ಪಕ್ಷ, ಲೈಸೆನ್ಸ್ ಮಾಡಿಸೋಕೆ ಹೋಗುವ ಪ್ರಾದೇಶಿಕ ಸಾರಿಗೆ ಕಚೇರಿ, ಎಲ್ಲಾ ಕಡೆ ಅದೇ ಪದ. ನಿಮ್ಮ ತಲೆಯಲ್ಲಿ ಇಂಗ್ಲಿಷಿನ ‘ಪರೋಕಿಯಲ್’ ಇತ್ತು ಅನ್ನಿಸುತ್ತೆ. ಅದು ಚರ್ಚಿನ ‘ಪ್ಯಾರಿಷ್’ನಿಂದ, ಅಂದರೆ ಒಬ್ಬ ಪಾದ್ರಿಯ ಸುಪರ್ದಿಗೆ ಸೇರಿದ ಊರು-ಕೇರಿಯಿಂದ ಬಂದದ್ದು. ತನ್ನ ಪ್ಯಾರಿಷ್ ಆಚೆ ಏನೂ ಕಾಣದವನು ಅನ್ನೋ ಅರ್ಥ ಆಮೇಲೆ ಹತ್ತಿಕೊಂಡಿತು. ಇನ್ನೂ ಹಿಂದೆ ಹೋದರೆ ಅದರ ಬೇರು ಗ್ರೀಕಿನ ‘ಪಾರೊಯ್ಕೊಸ್’: ಮನೆಯ ಪಕ್ಕ ಇರುವವನು, ಬೇರೆ ಊರಿಂದ ಬಂದು ನೆಲೆಸಿದವನು. ಹೊರಗಿನಿಂದ ಬಂದವನಿಗೆ ಇದ್ದ ಹೆಸರು ಹೊರಗಿನವರನ್ನು ಸಹಿಸದವನಿಗೆ ಹೋಗಿ ಅಂಟಿದೆ, ನೋಡಿ. ನಮ್ಮಲ್ಲಿ ಆ ಅರ್ಥಕ್ಕೆ ‘ಸಂಕುಚಿತ’ ಇದೆ. ಆಡುಮಾತಿನ ‘ಸಣ್ಣ ಮನಸ್ಸು’ ಇದೆ, ನನಗೆ ಅದೇ ಜಾಸ್ತಿ ಇಷ್ಟ.

ಇನ್ನು ‘ಕೂಪಮಂಡೂಕ’. ಕೂಪ ಅಂದರೆ ಬಾವಿ, ಮಂಡೂಕ ಅಂದರೆ ಕಪ್ಪೆ. 1893ರ ಸೆಪ್ಟೆಂಬರ್ 15ರಂದು ಷಿಕಾಗೋದಲ್ಲಿ ವಿವೇಕಾನಂದರು ಹೇಳಿದ್ದು ಇದೇ ಕಪ್ಪೆಯ ಕತೆ. ಸಮುದ್ರದ ಕಪ್ಪೆ ಬಂದು ಬಾವಿಗೆ ಬೀಳುತ್ತೆ. ಬಾವಿಯ ಕಪ್ಪೆ ಈ ಗೋಡೆಯಿಂದ ಆ ಗೋಡೆಗೆ ಜಿಗಿದು, ನಿನ್ನ ಸಮುದ್ರ ಇಷ್ಟು ದೊಡ್ಡದಾ ಅಂತ ಕೇಳುತ್ತೆ. ಕೊನೆಗೆ, ನನ್ನ ಬಾವಿಗಿಂತ ದೊಡ್ಡದು ಯಾವುದೂ ಇಲ್ಲ, ಇವನು ಸುಳ್ಳುಗಾರ, ಹೊರಗೆ ಹಾಕಿ ಅನ್ನುತ್ತೆ. ಬಾವಿಯಲ್ಲಿ ಹುಟ್ಟಿದ್ದು ಆ ಕಪ್ಪೆಯ ತಪ್ಪಾ? ಬಂದವನ ಮಾತು ಕಿವಿಗೆ ಹಾಕಿಕೊಳ್ಳದೆ ಅಟ್ಟಿತಲ್ಲ, ತಪ್ಪು ಅಲ್ಲಿದೆ.

ನಿಮ್ಮ ಅಜ್ಜಿ ಯಾರನ್ನು ಅಟ್ಟಿದ್ದಾಳೆ? ನಾಲ್ಕನೇ ಪುಟದಲ್ಲಿ ನೀವೇ ಬರೆದಿದ್ದೀರಿ: ಆಂಧ್ರದಿಂದ ಮಾಲು ತಂದ ರೈತನಿಗೆ ತನ್ನ ಬುತ್ತಿಯ ರೊಟ್ಟಿ ಮುರಿದು ಕೊಡುತ್ತಾಳೆ, ಅವನ ಜೊತೆ ‘ಒಕಟಿ, ರೆಂಡು, ಮೂಡು’ ಅಂತ ಚೀಲ ಎಣಿಸುತ್ತಾಳೆ. ಹಾವೇರಿ ದಾಟದವಳ ಬಾಯಲ್ಲಿ ತೆಲುಗು! ಅದೇ ಮೊಮ್ಮಗ ಅವಳ ‘ಬಾಳ ದಿನಕ್ಕ ಬಂದೀಪಾ’ ಕೇಳಿ ನಗುತ್ತಾನೆ, ಸರಿಯಾದ ಕನ್ನಡ ಮಾತಾಡು ಅನ್ನುತ್ತಾನೆ. ಗೋಡೆಯಿಂದ ಗೋಡೆಗೆ ಜಿಗಿಯುತ್ತಿರುವವನು ಅವನೇ, ಅಲ್ವಾ? ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ, ಅಂದರೆ ಅಚ್ಚ ಕನ್ನಡದ, ನಾಡು ಅಂತ ಹೆಸರಿಸಿದ ಊರುಗಳಲ್ಲಿ ಪುಲಿಗೆರೆಯೂ ಒಂದು, ಇವತ್ತಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಅಜ್ಜಿಯ ಊರಿನ ಕಡೆಯದೇ. ಅವನಿಗೆ ಯಾರೂ ಹೇಳಿಲ್ಲ ಅನ್ನಿಸುತ್ತೆ.

ನಾನು ಧಾರವಾಡದ ಒಂದು ಛಾಪಖಾನೆಯಲ್ಲಿ ಕರಡು ತಿದ್ದುತ್ತಾ ಬರವಣಿಗೆ ಕಲಿತವನು. ಆಗಿನ್ನೂ ಅಚ್ಚಿನ ಮೊಳೆ, ಅಂದರೆ ಬಿಡಿ ಅಕ್ಷರದ ಅಚ್ಚು, ಕೈಯಲ್ಲಿ ಜೋಡಿಸುವ ಕಾಲ. ಒಂದು ಲೇಖನದಲ್ಲಿ ‘ಸಂಕುಚಿತ ಮನಸ್ಸಿನ ಹಳ್ಳಿಗರು’ ಅಂತ ಬರೆದಿದ್ದೆ. ಮೊಳೆ ಜೋಡಿಸುತ್ತಿದ್ದ ಹಿರಿಯರು ಕೈ ನಿಲ್ಲಿಸಿ, ‘ತಮ್ಮಾ, ಏನ್ ಮಾಡಿದ್ರು ಅವ್ರು? ನೀರ ಕೊಡಲಿಲ್ಲೇನು?’ ಅಂತ ಕೇಳಿದರು. ಕೊಟ್ಟಿದ್ದರು. ಆದರೆ ತುಂಬಿದ ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು, ಯಾವ ಓಣಿಯವರು ಅಂತ ಮೊದಲು ಕೇಳಿದ್ದರು. ಹೇಳಿದ ಮೇಲೆ ತಂಬಿಗೆ ಕೊಡಲಿಲ್ಲ, ಎತ್ತರದಿಂದ ಸುರಿದರು, ನಾನು ಬೊಗಸೆ ಒಡ್ಡಿ ಕುಡಿದೆ. ‘ಹಂಗಾದ್ರ ಅದನ್ನ ಬರಿ’ ಅಂದರು ಹಿರಿಯರು. ಪದ ಹೊಡೆದು ತಂಬಿಗೆ ಬರೆದೆ.

ನಿಮ್ಮ ಸಾಲನ್ನು ಪೂರ್ತಿ ಹೊಡೆದಿದ್ದೇನೆ. ಮೊಮ್ಮಗನಿಗೆ ಅಸಹ್ಯ ಆಗಲಿ, ಬೇಡ ಅನ್ನಲ್ಲ, ಆದರೆ ಆ ಮಾತು ಅವನ ಬಾಯಿಂದಲೇ ಬರಲಿ, ನೀವು ಸುಮ್ನೆ ಅವನ ಪರ ನಿಲ್ಲಬೇಡಿ. ಚೀಲ ಎಣಿಸುವ ಜಾಗ ಮೂರೇ ಸಾಲಿನಲ್ಲಿ ಮುಗಿದಿದೆ, ಅದನ್ನು ಬೆಳೆಸಿ. ಆ ರೈತ ತಿರುಗಿ ಕನ್ನಡದಲ್ಲಿ ಏನಾದರೂ ಅನ್ನುತ್ತಾನಾ? ಅಜ್ಜಿಗೆ ಹತ್ತರ ಮೇಲಿನ ಎಣಿಕೆ ಬರುತ್ತಾ? ತಿದ್ದಿ ಕಳಿಸಿ, ದೀಪಾವಳಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.