ಪಂದಿ ಕರಿ ಗಟ್ಟಿಯಾಗಿದ್ದು ಉರಿಯಿಂದ
ಹಂದಿಯ ಭುಜದ ಮಾಂಸ ತಂದು ಕೊಡಗಿನ ಪಂದಿ ಕರಿ ಮಾಡಿದ್ರೆ, ಒಂದು ಗಂಟೆ ಕುದಿಸಿದರೂ ಗಟ್ಟಿಯಾಗಿ ಒಣಗಿದಂತೆ ಬಂತು ಅಂದಿದ್ದೀರಿ. ತಪ್ಪು ಮಾಂಸದ್ದಲ್ಲ, ಉರಿಯದ್ದು. ಆ ಭಾಗದಲ್ಲಿ ಕೊಲಾಜನ್, ಅಂದರೆ ಮಾಂಸವನ್ನು ಬಿಗಿಯಾಗಿ ಹಿಡಿದಿಡುವ ನಾರಿನಂಥ ಪ್ರೋಟೀನ್, ಜಾಸ್ತಿ. ಅದು ಮೆಲ್ಲಗೆ ಕರಗಿ ಜೆಲಾಟಿನ್ ಎಂಬ ಮೆತ್ತನೆ ಅಂಟಾದಾಗಲೇ ಮಾಂಸ ಮೆತ್ತಗಾಗುವುದು. ಕೊತಕೊತ ಕುದಿಸಿದರೆ ಅದಕ್ಕೂ ಮೊದಲೇ ರಸವೆಲ್ಲ ಹಿಂಡಿಹೋಗುತ್ತದೆ.

ಕೊಬ್ಬು ತೆಗೆಯಬೇಡಿ. ತುಂಡು ದೊಡ್ಡದಿರಲಿ. ಉಪ್ಪು, ಅರಿಶಿನ ಹಚ್ಚಿ, ದಪ್ಪ ತಳದ ಪಾತ್ರೆಗೆ ಹಾಕಿ ಮುಚ್ಚಿ. ಮಾಂಸವೇ ನೀರು ಬಿಡುತ್ತದೆ, ಅರ್ಧ ಲೋಟ ಬಿಸಿನೀರು ಸಾಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುವಷ್ಟೇ ಉರಿಯಲ್ಲಿ ಕನಿಷ್ಠ 2 ಗಂಟೆ ಬಿಡಿ. ಸುಮ್ನೆ ಮುಚ್ಚಳ ತೆಗೆದು ನೋಡುತ್ತಿರಬೇಡಿ! ಚಮಚದಲ್ಲಿ ಒತ್ತಿದಾಗ ಬಿಟ್ಟುಕೊಂಡರೆ ಬೆಂದಿದೆ. ಕಪ್ಪಗೆ ಹುರಿದ ಮಸಾಲೆ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಕೊನೆಗೆ ಹಾಕಿ. ನಾನಂತೂ ಮರುದಿನ ಬಿಸಿ ಮಾಡಿಯೇ ತಿನ್ನುವುದು.