ಮೂಗಿನಲ್ಲಿ ರಕ್ತ, ಮೈ ತುರಿಕೆ: ಹೀಟರ್ ಗಾಳಿ ನೋಡಿ

ಹಿಮ ಬೀಳುವ ಊರಿಗೆ ಬಂದ ಮೇಲೆ ಮಗನಿಗೆ ರಾತ್ರಿ ಮೂಗಿನಲ್ಲಿ ರಕ್ತ, ಮನೆಯವರಿಗೆಲ್ಲ ಮೈ ತುರಿಕೆ ಅಂದಿದ್ದೀರಿ. ಹೊರಗಿನ ಚಳಿಗಿಂತ ಮನೆಯೊಳಗಿನ ಒಣ ಗಾಳಿಯೇ ಕಾರಣ ಇರಬೇಕು. ತಣ್ಣನೆಯ ಗಾಳಿಯಲ್ಲಿ ತೇವ ಮೊದಲೇ ಕಡಿಮೆ, ಹೀಟರ್ ಅದನ್ನು ಬಿಸಿ ಮಾಡಿದಾಗ ಇನ್ನೂ ಒಣಗುತ್ತದೆ.

ಮೊದಲು ತೇವಾಂಶ ತೋರಿಸುವ ಸಣ್ಣ ಮೀಟರ್ ತಂದು ಮಗ ಮಲಗುವ ಕೋಣೆಯಲ್ಲಿಡಿ. ಶೇ. 30ಕ್ಕಿಂತ ಕೆಳಗಿದ್ದರೆ ಹ್ಯುಮಿಡಿಫೈಯರ್, ಅಂದರೆ ಗಾಳಿಗೆ ತೇವ ಸೇರಿಸುವ ಯಂತ್ರ, ಬೇಕು. 30ರಿಂದ 40 ಇದ್ದರೆ ಸಾಕು. ಕಿಟಕಿ ಗಾಜಿನ ಒಳಗಡೆ ನೀರು ಇಳಿಯುತ್ತಿದ್ದರೆ ಜಾಸ್ತಿ ಆಯ್ತು ಅಂತ ಅರ್ಥ, ಹಾಗೇ ಬಿಟ್ಟರೆ ಚೌಕಟ್ಟಿಗೆ ಬೂಸ್ಟು ಹಿಡಿಯುತ್ತದೆ. ಹ್ಯುಮಿಡಿಫೈಯರ್ ನೀರನ್ನು ದಿನಾ ಬದಲಿಸಿ.

ಆಮೇಲೆ ಸ್ನಾನ. ಚಳಿಗೆ ಸುಡುಸುಡು ನೀರು ಹಿತ ಅನಿಸುತ್ತದೆ ಅಲ್ವಾ, ತುರಿಕೆ ಹೆಚ್ಚಿಸುವುದೂ ಅದೇ. ಉಗುರುಬೆಚ್ಚಗಿನ ನೀರಲ್ಲಿ ಬೇಗ ಮುಗಿಸಿ, ಪಸೆ ಆರುವ ಮೊದಲೇ ದಪ್ಪ ಕ್ರೀಮ್ ಹಚ್ಚಿ. ತೆಳ್ಳಗಿನ ಲೋಷನ್ ಸುಮ್ನೆ ದಂಡ.

ರಕ್ತ ಬಂದಾಗ ತಲೆ ಹಿಂದಕ್ಕೆ ಬಾಗಿಸಬೇಡಿ. ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತಿತಾ ಅಂತ ನಡುನಡುವೆ ಬಿಟ್ಟು ನೋಡಬೇಡಿ. ಎರಡು ಸಲ ಹಾಗೆ ಹಿಡಿದರೂ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ತೇವ ಸರಿಹೋದ ಮೇಲೂ ಮತ್ತೆ ಮತ್ತೆ ಬರುತ್ತಿದ್ದರೆ ಬೇರೆ ಕಾರಣ ಇರಬಹುದು, ಮಕ್ಕಳ ಡಾಕ್ಟರಿಗೆ ತೋರಿಸಿ.