ಒಂದೇ ಮುಂಗಾರು, ಎರಡು ಕಡಲು

ಪ್ರಶ್ನೆ: ಮೇ ತಿಂಗಳಲ್ಲಿ ಅಷ್ಟು ಬಿಸಿಯಾಗಿರುವ ಅರಬ್ಬಿ ಸಮುದ್ರ ಮಳೆಗಾಲದಲ್ಲಿ ತಣ್ಣಗಾಗುತ್ತದೆ. ಅದೇ ಅಕ್ಷಾಂಶದಲ್ಲಿರುವ ಬಂಗಾಳ ಕೊಲ್ಲಿ ಮಾತ್ರ ಅಷ್ಟು ತಣಿಯುವುದಿಲ್ಲ ಎಂದು ಓದಿದೆ. ಅಲ್ಲಿಯೂ ಮೋಡ, ಮಳೆ, ಗಾಳಿ ಇರುವಾಗ ಈ ವ್ಯತ್ಯಾಸವೇಕೆ? (ಓದುಗರೊಬ್ಬರು, ಕುಂದಾಪುರ)

ಉತ್ತರ: ನೀವು ಓದಿದ್ದು ಸರಿ. ಅರಬ್ಬಿ ಸಮುದ್ರದ ಮೇಲೆ ರಭಸದಿಂದ ಬೀಸುವ ನೈಋತ್ಯ ಮಾರುತವು ನೀರನ್ನು ಆವಿಯಾಗಿಸಿ ಶಾಖವನ್ನು ಒಯ್ಯುವುದಲ್ಲದೆ, ಮೇಲ್ಪದರವನ್ನು ಆಳದವರೆಗೆ ಕಡೆದು, ಸೊಮಾಲಿಯ ಮತ್ತು ಒಮಾನ್ ತೀರಗಳಲ್ಲಿ ಕೆಳಗಿನ ತಣ್ಣೀರನ್ನು ಮೇಲಕ್ಕೆ ತರುತ್ತದೆ. ಕೇರಳ, ಕರ್ನಾಟಕಗಳ ಕರಾವಳಿಯಲ್ಲೂ ಆ ಹೊತ್ತಿನಲ್ಲಿ ತಣ್ಣೀರು ಮೇಲೇರುತ್ತದೆ.

ಕೊಲ್ಲಿಯಲ್ಲಿ ಗಾಳಿಯ ಬಲ ಕಡಿಮೆ. ಜೊತೆಗೆ ಅದರ ಕಡೆಗೋಲು ಆಳಕ್ಕೆ ಇಳಿಯದಂತೆ ತಡೆಯುವುದು ಸಿಹಿನೀರು. ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿಗಳ ನೆರೆಯೂ ಕಡಲ ಮೇಲೆಯೇ ಸುರಿಯುವ ಮಳೆಯೂ ಸೇರಿ, ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ಹರಡಿಕೊಳ್ಳುತ್ತದೆ. ಅರಬ್ಬಿ ಸಮುದ್ರದ ಬಹುಭಾಗದಲ್ಲಿ ಒಂದು ಕಿಲೋಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪಿದ್ದರೆ, ಮಳೆಗಾಲ ಮುಗಿಯುವ ವೇಳೆಗೆ ಕೊಲ್ಲಿಯ ಉತ್ತರ ಭಾಗದಲ್ಲಿ ಅದು 30 ಗ್ರಾಂಗೂ ಕೆಳಗಿಳಿಯುತ್ತದೆ. ಹೀಗಾಗಿ ಕೊಲ್ಲಿಯ ಮೇಲ್ಮೈ ಮಳೆಗಾಲದುದ್ದಕ್ಕೂ ಸಾಮಾನ್ಯವಾಗಿ 28 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರುತ್ತದೆ.

ಚಳಿಗಾಲದಲ್ಲಿ ಇನ್ನೂ ವಿಚಿತ್ರ. ಮೇಲಿನ ಸಿಹಿನೀರು ತಣಿದರೂ ಉಪ್ಪು ಕಡಿಮೆಯಿರುವುದರಿಂದ ಮುಳುಗುವುದಿಲ್ಲ. ಹತ್ತಾರು ಮೀಟರ್ ಕೆಳಗಿನ ನೀರೇ ಅದಕ್ಕಿಂತ ಬೆಚ್ಚಗಿರುತ್ತದೆ. ಆದ್ದರಿಂದ ಮೇಲ್ಮೈಯ ಉಷ್ಣತೆಯೊಂದನ್ನೇ ನೋಡಿ ಕಡಲ ಶಾಖವನ್ನು ಅಳೆಯುವುದು, ಹಾಲಿನ ಕೆನೆ ಮುಟ್ಟಿ ಪಾತ್ರೆಯ ಬಿಸಿ ಹೇಳಿದಂತೆ. ಪ್ರತಿ 10 ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ, ಲವಣಾಂಶಗಳನ್ನು ದಾಖಲಿಸುವ ಆರ್ಗೋ ತೇಲುಯಂತ್ರಗಳಿಂದಲೇ ಮೇಲ್ಮೈಯಿಂದ ಆ ಆಳದವರೆಗಿನ ಇಡೀ ನೀರ್ಕಂಬದ ಲೆಕ್ಕ ಸಾಧ್ಯವಾಗಿದೆ. ಉದಾಹರಣೆಗೆ, 50 ಮೀಟರ್ ದಪ್ಪದ ಪದರದಲ್ಲಿ ಲವಣಾಂಶ (ಒಂದು ಕಿಲೋಗ್ರಾಂ ನೀರಿನಲ್ಲಿರುವ ಉಪ್ಪು) 35 ಗ್ರಾಂ ಬದಲು 33 ಗ್ರಾಂ ಇದ್ದರೆ, ಅದರಲ್ಲಿ ಸುಮಾರು 2.9 ಮೀಟರ್ ಎತ್ತರದ ಶುದ್ಧ ಸಿಹಿನೀರು ಬೆರೆತಿದೆ ಎಂದರ್ಥ. ಅದೇ ಪದರವನ್ನು ಒಂದು ಡಿಗ್ರಿ ಕಾಯಿಸಲು, ಪ್ರತಿ ಚದರ ಮೀಟರಿಗೆ ನಿವ್ವಳ 100 ವಾಟ್ ಶಾಖ ಸಿಕ್ಕರೂ, ಹೆಚ್ಚು ಕಡಿಮೆ 24 ದಿನ ಬೇಕು. ಪದರ ತೆಳುವಾದಷ್ಟೂ ದಿನಗಳು ಕಡಿಮೆ.

ಈ ಸಿಹಿನೀರು ಕೊಲ್ಲಿಯಲ್ಲೇ ನಿಲ್ಲುವುದೂ ಇಲ್ಲ. ನವೆಂಬರ್–ಡಿಸೆಂಬರ್‌ನಲ್ಲಿ ಪೂರ್ವ ಕರಾವಳಿಗುಂಟ ದಕ್ಷಿಣಕ್ಕೆ ಹರಿಯುವ ಪ್ರವಾಹವು ಅದರ ಒಂದಂಶವನ್ನು ಶ್ರೀಲಂಕೆಯನ್ನು ಬಳಸಿ ಲಕ್ಷದ್ವೀಪದ ಕಡೆಗೆ ಒಯ್ಯುತ್ತದೆ. ಮುಂಗಾರಿಗೆ ಮುನ್ನ ಆ ಭಾಗ 30 ಡಿಗ್ರಿ ದಾಟುವುದರಲ್ಲಿ ಇದರ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. ಆದರೆ ನೀವು ಹೇಳಿದ ಮೇ ತಿಂಗಳ ಬಿಸಿಗೆ ಹಿಂದಿನ ವರ್ಷದ ಗಂಗೆಯ ನೆರೆಯೂ ನೆರವಾಗಿರಬಹುದು.